ಮನೆಯಾಕೆಗೂ ಬೇಕು ಒಂದೆರಡು ದಿನ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮನೆ ಮನೆಯಲ್ಲೂ ಒಂದೇ ಮಾತು, ಈ ಸಲ ಎಲ್ಲಿಗೆ? ಮಕ್ಕಳಿಗೆ ಸಮುದ್ರ ಬೇಕು. ಯಜಮಾನರಿಗೆ ಯಾವುದಾದರೊಂದು ದೇವಸ್ಥಾನವಾದರೆ ಸಾಕು. ಅತ್ತೆಯವರಿಗೆ ಮಗಳ ಮನೆ. ಮನೆಯಾಕೆಗೆ ಏನು ಬೇಕು ಅಂತ ಕೇಳುವವರು ಕಡಿಮೆ, ಕೇಳಿದರೂ ನಾವು ಹೇಳುವುದು "ಎಲ್ಲಿಗಾದರೂ ಸರಿ" ಅಂತಲೇ. ಎಲ್ಲಿಗೆ ಹೋದರೂ ಬುತ್ತಿ ಕಟ್ಟುವವರು ನಾವೇ, ಛತ್ರದಲ್ಲಿ ಹಾಸಿಗೆ ಹಾಸಿ ಮಡಿಸುವವರು ನಾವೇ, ತಿರುಗಿ ಬಂದ ಮೇಲೆ ರಾಶಿ ಬಟ್ಟೆ ಒಗೆಯುವವರೂ ನಾವೇ ತಾನೆ! ಊರು ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ.

ನಮ್ಮಕ್ಕನ ಮಗಳು ಮದುವೆಯಾಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳು ಫೋನು ಮಾಡಿದಾಗಲೆಲ್ಲ ಅಲ್ಲಿನ ಹಳ್ಳಿಗಾಡಿನ ಹೋಟೆಲುಗಳ ವರ್ಣನೆ. ನಾನು ಹೋಟೆಲೆಂದರೆ ಪೇಟೆಯಲ್ಲಿರುವುದು ಅಂದುಕೊಂಡಿದ್ದವಳು. ಅಲ್ಲಿ ಹಾಗಲ್ಲವಂತೆ. ಅತಿ ದುಬಾರಿ ಹೋಟೆಲುಗಳಲ್ಲಿ ಎಷ್ಟೋ ಇರುವುದು ಹೊಲ, ಹುಲ್ಲುಗಾವಲು, ಕುರಿಗಳ ನಡುವೆ. ಇನ್ನು ಕೆಲವು ಸಮುದ್ರದ ಬಂಡೆಗಳ ನೆತ್ತಿಯಲ್ಲಿ. ಅವುಗಳಲ್ಲಿ ಬಹಳಷ್ಟು ಹಿಂದೆ ಜಮೀನುದಾರರ, ಪ್ರಭುಗಳ ದೊಡ್ಡ ಬಂಗಲೆಗಳು. ಮಹಾಯುದ್ಧಗಳಾದ ಮೇಲೆ ತೆರಿಗೆ ಏರಿತು, ಮನೆ ತುಂಬ ಇರುತ್ತಿದ್ದ ಆಳುಕಾಳು ಸಿಗದಾಯಿತು, ಅಷ್ಟು ದೊಡ್ಡ ಮನೆ ಗುಡಿಸಿ ಒರೆಸುವವರೇ ಇಲ್ಲದಾಯಿತು. ಕೆಲವು ಮನೆ ಮಾರಾಟವಾದವು, ಕೆಲವು ಬಿದ್ದುಹೋದವು, ಕೆಲವು ಹೋಟೆಲಾದವು. ಥೇಮ್ಸ್ ನದಿಯ ದಂಡೆಯ ಮೇಲಿನ ಕ್ಲಿವ್‌ಡನ್ ಎಂಬ ಅರಮನೆಯಂಥ ಮನೆಯನ್ನು ಆಸ್ಟರ್ ಮನೆತನದವರು 1942ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟರು. 1980ರ ದಶಕದಿಂದ ಅದು ಹೋಟೆಲು. ಡೆವನ್ ಸೀಮೆಯ ಕಡಲಂಚಿನಲ್ಲಿ ಬರ್ಗ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ 1929ರಲ್ಲಿ ಕಟ್ಟಿದ ಹೋಟೆಲಿದೆ. ಸಮುದ್ರ ಇಳಿದಾಗ ಮರಳ ಮೇಲೆ ನಡೆದೇ ಹೋಗಬಹುದು, ಉಬ್ಬರ ಬಂದಾಗ ಎತ್ತರದ ಚಕ್ರಗಳ ಮೇಲೆ ಅಟ್ಟ ಕಟ್ಟಿದ ಟ್ರ್ಯಾಕ್ಟರು ನೀರೊಳಗೇ ಸಾಗಿ ಅತಿಥಿಗಳನ್ನು ದಾಟಿಸುತ್ತದೆ. ಪತ್ತೇದಾರಿ ಕಾದಂಬರಿಯ ಅಗಾಥಾ ಕ್ರಿಸ್ಟಿ ಅಲ್ಲಿ ತಂಗುತ್ತಿದ್ದರು.

ನನಗೆ ನಗು ಬಂದದ್ದು ಇನ್ನೊಂದು ವಿಷಯಕ್ಕೆ. ಇಂಥ ಹೋಟೆಲುಗಳ ಬಾಗಿಲಲ್ಲಿ ಮೊಣಕಾಲವರೆಗಿನ ರಬ್ಬರ್ ಬೂಟುಗಳನ್ನು ಸಾಲಾಗಿ ಇಟ್ಟಿರುತ್ತಾರಂತೆ. ಅತಿಥಿಗಳು ಅದನ್ನು ಮೆಟ್ಟಿಕೊಂಡು ಕೆಸರಿನಲ್ಲಿ ಅಡ್ಡಾಡಿ ಬರುತ್ತಾರಂತೆ. "ಕೆಸರು ತುಳಿಯೋಕೆ ದುಡ್ಡು ಕೊಡ್ತಾರೇನೇ?" ಅಂದೆ. "ಕೆಸರಿಗಲ್ಲ ಚಿಕ್ಕಮ್ಮ, ತುಳಿದು ಬಂದ ಮೇಲೆ ಬೂಟು ತೊಳೆಯೋರು ಬೇರೆಯವರು ಇರ್ತಾರಲ್ಲ, ಅದಕ್ಕೆ" ಅಂದಳು ಹುಡುಗಿ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಇಂಗ್ಲೆಂಡಿಗೆ ನಾವೇನು ಹೋಗುವುದಿಲ್ಲ ಬಿಡಿ. ಆದರೆ ಅಂಥದ್ದು ನಮ್ಮ ಕಡೆ ಇಲ್ಲವೆ? ನಮ್ಮ ಕಡೂರು, ತರೀಕೆರೆ, ಈಚೆಗೆ ಬೇರೆ ತಾಲ್ಲೂಕಾದ ಅಜ್ಜಂಪುರ, ಈ ಮೂರೂ ಒಂದು ವಿಚಿತ್ರ ಜಾಗದಲ್ಲಿವೆ. ಅಜ್ಜಂಪುರದಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರ ಬಯಲು, ಅಮೃತಮಹಲ್ ದನಗಳ ಕಾವಲು, ಈರುಳ್ಳಿ ಹೊಲ. ಅಲ್ಲಿಂದ ತರೀಕೆರೆಗೆ ಬಂದು ಲಿಂಗದಹಳ್ಳಿ ದಾಟಿದಿರೋ, ಬಾಬಾಬುಡನ್ ಗಿರಿಯ ಸಾಲು ಎದುರಿಗೇ ಎದ್ದು ನಿಲ್ಲುತ್ತದೆ, ಗಾಳಿಯೇ ಬದಲಾಗುತ್ತದೆ. ಬಯಲುಸೀಮೆಯೂ ಮಲೆನಾಡೂ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಸಿಗುವ ಊರು ನಮ್ಮದು.

ಈ ಮಾತನ್ನು ನಮ್ಮವರ ಹತ್ತಿರ ಎತ್ತಿದಾಗ ಅವರಂದದ್ದು ಇಷ್ಟು: "ಇಲ್ಲಿಂದ ಕೂಗಳತೆ ದೂರಕ್ಕೆ ಹೋಗಿ ದುಡ್ಡು ಕೊಟ್ಟು ಮಲಗಿ ಬರೋದಾ? ಮನೇಲಿ ಹಾಸಿಗೆ ಇಲ್ವಾ?" ಗಂಡಸರ ಲೆಕ್ಕವೇ ಅದು. ಹಾಸಿಗೆಗೆ ದುಡ್ಡು ಅಂತ ಅವರು ತಿಳಿಯುತ್ತಾರೆ. ಮಲಗಿ ಎದ್ದ ಮೇಲೆ ಆ ಹಾಸಿಗೆ ಸರಿಮಾಡುವ ಕೈ ಯಾರದು ಎಂಬುದು ಅವರ ಲೆಕ್ಕದಲ್ಲಿ ಬರುವುದೇ ಇಲ್ಲ.

ನಾನು ಹಟ ಹಿಡಿದದ್ದು ನನಗಾಗಿಯೂ ಅಲ್ಲ. ಅಜ್ಜಂಪುರದಲ್ಲಿ ನಮ್ಮ ಅತ್ತಿಗೆ ಇದ್ದಾರೆ, ನಮ್ಮವರ ಅಕ್ಕ. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಿಕೊಂಡವರು. ಆ ಒಂಬತ್ತು ವರ್ಷದಲ್ಲಿ ಒಂದು ರಾತ್ರಿಯೂ ಬೇರೆ ಕಡೆ ಮಲಗಿದವರಲ್ಲ, ತಮ್ಮನ ಮಗಳ ಮದುವೆಗೂ ಧಾರೆ ಮುಗಿಸಿಕೊಂಡು ಸಂಜೆ ಬಸ್ಸಿಗೆ ಹೋದವರು. ಹೋದ ವರ್ಷ ಆ ಹಿರಿಯರು ತೀರಿಕೊಂಡರು. ಎಲ್ಲರೂ "ಇನ್ನು ನಿಮಗೆ ಬಿಡುವಾಯ್ತಲ್ಲ" ಅಂದರು. ಅತ್ತಿಗೆಗೆ ಆ ಬಿಡುವನ್ನು ಏನು ಮಾಡುವುದೆಂದೇ ತಿಳಿಯದು. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎಚ್ಚರವಾಗಿ ಎದ್ದು ಕೂರುತ್ತಿದ್ದರಂತೆ. ಅದಕ್ಕೆ ನನ್ನ ಚೀಟಿಯ ದುಡ್ಡು ಬಂದಾಗ, ಬಳೆಗೆಂದು ಇಟ್ಟಿದ್ದೆನಾದರೂ, ಈ ಕೆಲಸಕ್ಕೇ ಎತ್ತಿಟ್ಟೆ. ಎಲ್ಲಿಗೆ ಅಂತ ನಾಲ್ಕಾರು ಕಡೆ ವಿಚಾರಿಸಿದೆ. ಆ ತಿಳಿದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ತಾಣ. ಸುಮಾರು 4,700 ಅಡಿ ಎತ್ತರ. ಇಂಗ್ಲೆಂಡಿನಲ್ಲಿ ಪ್ರಭುಗಳ ಮನೆ ಸಾಹುಕಾರರ ಹೋಟೆಲಾಯಿತು. ಇಲ್ಲಿ ಮಹಾರಾಜರ ತಾಣ ತೋಟಗಾರಿಕೆ ಇಲಾಖೆಯ ಕೈಗೆ ಬಂದು ನಮ್ಮ ನಿಮ್ಮಂಥವರು ತಂಗುವ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವಾಯಿತು. ಇದು ನನಗೆ ಹೆಮ್ಮೆಯ ವಿಷಯ. ಹೆಸರೇ ಹೇಳುವಂತೆ ಕೆಮ್ಮಣ್ಣಿನ ಊರು, ಹಿಂದೆ ಇಲ್ಲಿನ ಕಬ್ಬಿಣದ ಅದಿರೇ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಬೀರೂರಿನಿಂದ ಲಿಂಗದಹಳ್ಳಿಯ ಮೇಲೆ ಹೋಗಬೇಕು. ಹೂದೋಟ, ಗುಲಾಬಿ, ರಾಜಭವನದ ಮುಂದೆ ನಿಂತರೆ ಕಾಣುವ ಕಣಿವೆ, ಇವೆಲ್ಲಕ್ಕೆ ಕಾಸು ಕೊಡಬೇಕಿಲ್ಲ ಅನ್ನುವಷ್ಟು ಅಗ್ಗ. ಆದರೆ ಐಷಾರಾಮ ಅಂತ ಹೋಗುವ ಜಾಗವಲ್ಲ. ಕೊಠಡಿ ಸರ್ಕಾರಿ ಅತಿಥಿಗೃಹದ ಕೊಠಡಿಯೇ. ಮುಂಚಿತವಾಗಿ ಕಾದಿರಿಸಿ, ಊಟ ಏನು ಸಿಗುತ್ತದೆ, ಬಿಸಿನೀರು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೇ ಹೊರಡಿ. ಒಂದು ಕಂಬಳಿ ಜೊತೆಗಿರಲಿ.

ದಾರಿಯಲ್ಲಿ, ಕೆಮ್ಮಣ್ಣುಗುಂಡಿಗೆ ಸುಮಾರು 10 ಕಿಲೋಮೀಟರ್ ಇರುವಾಗ ಕಲ್ಲತ್ತಿಗಿರಿ. ಮೇಲಿಂದ ಬೀಳುವ ನೀರು, ಅಲ್ಲೇ ವೀರಭದ್ರ ದೇವರ ಗುಡಿ. ಯಜಮಾನರ ದೇವಸ್ಥಾನದ ಹರಕೆಯೂ ಇಲ್ಲೇ ತೀರುತ್ತದೆ! ಹೆಬ್ಬೆ ಜಲಪಾತಕ್ಕೆ ಮಾತ್ರ ಯೋಚಿಸಿ ಹೊರಡಿ. ಕಾಡಿನ ಜೀಪಿನಲ್ಲಿ ಕುಲುಕಿಸಿಕೊಂಡು ಹೋಗಿ, ಆಮೇಲೆ ನಡೆಯಬೇಕು. ಸೊಂಟ ನೋವಿದ್ದವರಿಗೆ, ಬಸುರಿಯರಿಗೆ ಆ ದಾರಿ ಬೇಡವೇ ಬೇಡ. ಮೇಲೆ ಕುಳಿತು ಕಾಫಿ ಕುಡಿಯುತ್ತ, ಹೋದವರು ಬರುವುದನ್ನು ಕಾಯುವುದೂ ಒಂದು ಸುಖವೇ.

ಎರಡನೆಯದು ಕಾಫಿ ತೋಟದ ಕಡೆ. ನಮ್ಮ ಕಡೂರಿನಿಂದ ಹೊರಟು ಚಿಕ್ಕಮಗಳೂರು ದಾಟಿ ಮೂಡಿಗೆರೆಯತ್ತ ಹೋಗುವ ಕೆ.ಎಂ. ರಸ್ತೆ ಎಲ್ಲರಿಗೂ ಗೊತ್ತು. ಆ ಕ ಎಂದರೆ ನಮ್ಮ ಕಡೂರೇ. ಈ ರಸ್ತೆಯ ಮೇಲೆ ಚಿಕ್ಕಮಗಳೂರಿನ ಬಳಿ ತಾಜ್ ಕಂಪನಿಯ ಹೋಟೆಲು ಬಹಳ ಹಿಂದೆಯೇ ಬಂದಿತ್ತು. ಆಮೇಲೆ ಸೆರಾಯ್ ಅಂತ ಬಂತು, ಕಾಫಿ ಗಿಡಗಳ ನಡುವೆ ಬಿಡಿಬಿಡಿ ಮನೆಗಳು, ಕೆಲವಕ್ಕೆ ಅವುಗಳದೇ ಈಜುಕೊಳ. ಇಂಗ್ಲೆಂಡಿನ ಆ ಹೋಟೆಲುಗಳಿಗೆ ಸರಿಜೋಡಿ ಅಂದರೆ ಇವು. ಒಂದು ರಾತ್ರಿಯ ಬಾಡಿಗೆ ಕೇಳಿದರೆ ನಮ್ಮಂಥವರ ಮನೆಯ ತಿಂಗಳ ದಿನಸಿ ಲೆಕ್ಕ ನೆನಪಾಗುತ್ತದೆ. ಮಗಳು ಅಳಿಯ ಕರೆದುಕೊಂಡು ಹೋದರೆ ಸಂತೋಷವಾಗಿ ಹೋಗಿ, ಬೇಡವೆನ್ನಬೇಡಿ.

ನಮ್ಮ ಅಳತೆಗೆ ಹೋಂಸ್ಟೇ ಸರಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅವು ಗಿರಿಯ ಉದ್ದಕ್ಕೂ ಇವೆ. ತೋಟದವರೇ ತಮ್ಮ ಮನೆಯಲ್ಲಿ ನಾಲ್ಕಾರು ಕೊಠಡಿ ಬಿಟ್ಟುಕೊಟ್ಟು, ಮನೆಯಡುಗೆ ಹಾಕುತ್ತಾರೆ. ಹಿಂದೊಮ್ಮೆ ನಂಟರ ಜೊತೆ ಅಂಥ ಒಂದು ಮನೆಗೆ ಹೋಗಿದ್ದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಕಳಲೆ ಪಲ್ಯ. ಕಳಲೆ ಅಂದರೆ ಎಳೆ ಬಿದಿರು, ಮಳೆಗಾಲದ ಪದಾರ್ಥ. ಸಣ್ಣಗೆ ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ನೀರು ಬಸಿದು ಒಗ್ಗರಣೆಗೆ ಹಾಕಬೇಕು. ಅವಸರ ಮಾಡಿದರೆ ಕಹಿ, ಹೊಟ್ಟೆಗೂ ಒಳ್ಳೆಯದಲ್ಲ. ಇದನ್ನೆಲ್ಲ ಹೇಳಿಕೊಟ್ಟವರು ಆ ಮನೆಯ ಹೆಣ್ಣುಮಗಳು. ಐದು ಗಂಟೆಗೇ ಅವರ ಅಡುಗೆಮನೆಯ ದೀಪ ಹತ್ತಿತ್ತು. ಹತ್ತು ಜನಕ್ಕೆ ರೊಟ್ಟಿ ತಟ್ಟುವುದೆಂದರೆ ಹುಡುಗಾಟವಲ್ಲ, ಅದು ತಟ್ಟಿದವರಿಗೇ ಗೊತ್ತು. "ನೀವು ಯಾವಾಗಮ್ಮ ರಜ ತಗೊಳ್ಳೋದು?" ಅಂತ ಕೇಳಿದೆ. "ಶನಿವಾರ ಭಾನುವಾರ ಬಿಟ್ಟರೆ ಸ್ವಲ್ಪ ಉಸಿರಾಡ್ತೀವಕ್ಕ. ಮಳೆ ಜೋರಾಗಿ ರಸ್ತೆ ಕೆಟ್ಟರೆ ಆಗ ರಜ" ಅಂದು ನಕ್ಕರು. ನಮ್ಮ ವಿಶ್ರಾಂತಿ ಇನ್ನೊಬ್ಬ ಹೆಂಗಸಿನ ಕೈಯ ಕೆಲಸ. ಹಾಗಂತ ಹೋಗುವುದು ಬೇಡವೆ? ಬೇಕು. ಆ ಮನೆಗೆ ಅದೂ ಒಂದು ಆದಾಯ, ಕಾಫಿ ಬೆಲೆ ಬಿದ್ದ ವರ್ಷ ಅದೇ ಕೈಹಿಡಿಯಿತು ಅಂತ ಅವರೇ ಹೇಳಿದರು. ರಾತ್ರಿ ಹನ್ನೊಂದಕ್ಕೆ ಬಿಸಿ ದೋಸೆ ಕೇಳದಿದ್ದರೆ ಸಾಕು.

ಹೋಂಸ್ಟೇ ಗೊತ್ತುಮಾಡುವ ಮುಂಚೆ ಕೆಲವು ಮಾತು ಬಾಯಿಬಿಟ್ಟು ಕೇಳಲೇಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ? ದರ ಕೊಠಡಿಗೋ ತಲೆಗೋ? ಹೆಚ್ಚಿನವರು ತಲೆ ಲೆಕ್ಕ ಹಾಕುತ್ತಾರೆ, ಮಕ್ಕಳಿಗೆ ಎಷ್ಟು ಎನ್ನುವುದು ಆಗಲೇ ತೀರ್ಮಾನವಾಗಲಿ. ಕೊನೆಯ ಮೂರು ಕಿಲೋಮೀಟರ್ ನಮ್ಮ ಕಾರು ಹೋಗುತ್ತದೆಯೋ ಅವರ ಜೀಪೇ ಬೇಕೋ, ಜೀಪಿಗೆ ಬೇರೆ ದುಡ್ಡೋ? ಮಂಡಿನೋವಿನ ಹಿರಿಯರಿದ್ದರೆ ಮೆಟ್ಟಿಲೆಷ್ಟು, ಕಕ್ಕಸು ಎಂಥದ್ದು? ಸಂಕೋಚ ಬೇಡ. ಇನ್ನೂ ಒಂದು: ರಾತ್ರಿ ಹೊತ್ತು ಕುಡಿದು ಪದ ಹಾಕಿ ಕುಣಿಯುವ ಗುಂಪುಗಳಿಗೂ ಕೊಠಡಿ ಕೊಡುತ್ತಾರೆಯೇ? ನಮ್ಮ ಎದುರು ಮನೆಯವರು ಗಿರಿಯ ಕಡೆ ಒಂದು ರೆಸಾರ್ಟಿಗೆ ಹೋಗಿ (ಹೆಸರು ಬೇಡ) ಬೆಳಗಿನ ಜಾವ ಮೂರರವರೆಗೆ ಕಣ್ಣು ಮುಚ್ಚದೆ ಬಂದರು. ಅಷ್ಟು ದುಡ್ಡಿಗೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದರೂ ನಿದ್ದೆ ಬರುತ್ತಿತ್ತು.

ನಾನು ಕೊನೆಗೆ ಗೊತ್ತುಮಾಡಿದ್ದು ಲಕ್ಕವಳ್ಳಿ. ಸಮುದ್ರ ಬೇಕೆನ್ನುವ ಮಕ್ಕಳಿಗೂ ಒಪ್ಪುವ ಜಾಗ. ತರೀಕೆರೆಯಿಂದ ಸುಮಾರು 20 ಕಿಲೋಮೀಟರ್. ಭದ್ರಾ ಅಣೆಕಟ್ಟಿನ ಹಿಂದೆ ನೀರು ಬೆಟ್ಟಗಳ ಸಂದುಸಂದಿಗೂ ಹೊಕ್ಕಿದೆ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ನಾವೆಲ್ಲ ಮೊದಲು ನೋಡುವುದು ಭದ್ರೆ 186 ಅಡಿ ಮುಟ್ಟಿತೋ ಇಲ್ಲವೋ ಅಂತ. ಆ ನೀರೇ ಇದು. ಅದರ ದಡದಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. 1980ರಲ್ಲಿ ಆರಂಭವಾದ ಈ ಸಂಸ್ಥೆ ನಮ್ಮ ರಾಜ್ಯ ಸರ್ಕಾರದ್ದೇ. ರಿವರ್ ಟರ್ನ್ ಅಂದರೆ ಒಂದು ಹಕ್ಕಿ, ಬೂದು ಬಿಳಿ ಮೈ, ಕರಿ ಟೋಪಿ, ಹಳದಿ ಕೊಕ್ಕು. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆ ಬಂದಾಗ ಸಾವಿರಾರು ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ನಮ್ಮ ರಜೆಗೂ ಅವುಗಳ ಬಾಣಂತನಕ್ಕೂ ಒಂದೇ ಕಾಲ.

ಇಲ್ಲಿ ದುಡ್ಡು ತಲೆಗೆ ಇಷ್ಟು ಅಂತ. ಕಡಿಮೆಯೇನಲ್ಲ, ಆದರೆ ಅದರಲ್ಲೇ ಊಟ, ತಿಂಡಿ, ದೋಣಿ ಇಲ್ಲವೇ ಜೀಪಿನ ಸುತ್ತಾಟ ಎಲ್ಲ ಸೇರಿರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೋದರೆ ಮಾರನೆಯ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವುದು. ಒಳಗೆ ಹೋದ ಮೇಲೆ "ಇದಕ್ಕೆಷ್ಟು, ಅದಕ್ಕೆಷ್ಟು" ಅಂತ ನಮ್ಮವರು ಲೆಕ್ಕ ಹಾಕುವ ಸಂದರ್ಭವೇ ಇಲ್ಲ. ಇದು ನನಗೆ ಬಹಳ ಮೆಚ್ಚುಗೆಯಾಯಿತು.

ಮಧ್ಯಾಹ್ನ ಊಟ ಮುಗಿದೊಡನೆ ಅತ್ತಿಗೆ ನಮ್ಮ ಮೂರೂ ತಟ್ಟೆ ಒಂದರ ಮೇಲೊಂದಿಟ್ಟು ಎತ್ತಿಕೊಂಡು ನಿಂತರು. ಬಡಿಸುತ್ತಿದ್ದ ಹುಡುಗ ಓಡಿ ಬಂದು "ಬಿಡಿ ಅಮ್ಮ, ನಾನು ತಗೋತೀನಿ" ಅಂದ. "ತೊಳೆಯೋ ಜಾಗ ಎಲ್ಲಪ್ಪ?" ಅಂದರು ಇವರು. ಸಂಜೆ ಚಹಾದ ಹೊತ್ತಿಗೂ ಹಾಗೇ, ಲೋಟ ಎಲ್ಲಿಡಬೇಕು ಅಂತ ಕೇಳಿದರು. ದೋಣಿಯಲ್ಲಿ ಕೂತಾಗ ಮಾತ್ರ ಎದ್ದು ಹೋಗಲು ಜಾಗವಿರಲಿಲ್ಲ ನೋಡಿ, ಸುಮ್ಮನೆ ಕೂತರು. ದಡದಲ್ಲಿ ಆನೆಗಳು ನೀರಿಗಿಳಿದಿದ್ದವು, ಮರಿಯೊಂದು ತಾಯಿಯ ಕಾಲಸಂದಿನಲ್ಲಿ. ಎಲ್ಲರೂ ಆನೆ ನೋಡುತ್ತಿದ್ದರೆ ಅತ್ತಿಗೆ ನೀರನ್ನೇ ನೋಡುತ್ತಿದ್ದರು. "ಇಷ್ಟು ನೀರು ಇಲ್ಲಿತ್ತಲ್ಲೇ. ನಾನು ಅಜ್ಜಂಪುರದಲ್ಲಿ ಟ್ಯಾಂಕರಿಗೆ ಕಾಯ್ಕೊಂಡು ಕೂತಿದ್ದೆ" ಅಂದರು. ಅವರ ಊರಿನ ಹತ್ತಿರವೇ ಭದ್ರಾ ಮೇಲ್ದಂಡೆ ಯೋಜನೆಯವರು ಸುರಂಗ ಕೊರೆದು ಇದೇ ನೀರನ್ನು ಚಿತ್ರದುರ್ಗದ ಕಡೆಗೆ ಕೊಂಡೊಯ್ಯುತ್ತಿದ್ದಾರೆ, ಆ ಮಾತು ಆಮೇಲೆ ನಮ್ಮವರು ತೆಗೆದರು.

ಈ ನೀರಿನ ಕೆಳಗೆ, ಈ ಕಾಡಿನ ಒಳಗೆ ಒಂದು ಕಾಲಕ್ಕೆ ಊರುಗಳಿದ್ದವು ಎಂಬುದನ್ನೂ ಹೋದವರು ತಿಳಿದಿರಬೇಕು. ಅಣೆಕಟ್ಟು ಕಟ್ಟಿದಾಗ ಕೆಲವು ಹಳ್ಳಿ ಮುಳುಗಿದವು. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಕಾಡೊಳಗಿನ ಕುಟುಂಬಗಳಿಗೆ ಜಮೀನು, ಮನೆ ಕೊಟ್ಟು ಹೊರಗೆ ಕರೆತಂದರು. ಅವರಲ್ಲಿ ಬಹಳಷ್ಟು ಜನ ನೆಲೆಯಾದದ್ದು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಶಾಲೆ, ಆಸ್ಪತ್ರೆ ಹತ್ತಿರವಾಯಿತು ಅಂತ ಸಂತೋಷಪಟ್ಟವರಿದ್ದಾರೆ, ಹಳೆಯ ತೋಟ ನೆನೆದು ಕಣ್ಣೀರಿಟ್ಟವರೂ ಇದ್ದಾರೆ. ನಾವು ದುಡ್ಡು ಕೊಟ್ಟು ನೋಡುವ ಆ ಮೌನದ ಹಿಂದೆ ಅವರ ಮನೆಗಳಿವೆ.

ರಾತ್ರಿ ಊಟಕ್ಕೆ ಅತ್ತಿಗೆ ತಟ್ಟೆ ಎತ್ತಲಿಲ್ಲ. ಕೈ ತೊಳೆದು ಬಂದು ವರಾಂಡದ ಕುರ್ಚಿಯಲ್ಲಿ ಕಾಲು ಮೇಲಿಟ್ಟು ಕೂತರು. ನಾನು ಮಲಗುವಾಗ "ಅತ್ತಿಗೆ, ನಿದ್ದೆ ಬರದಿದ್ದರೆ ಎಬ್ಬಿಸಿ, ಮಾತಾಡ್ತಾ ಕೂರೋಣ" ಅಂದಿದ್ದೆ. ಎಬ್ಬಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಿ ಕಾಫಿ ತಂದಾಗಲೂ ಅವರಿಗೆ ಎಚ್ಚರವಿಲ್ಲ. ನಮ್ಮವರು ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿ, "ಮಲಗಲಿ ಬಿಡು, ಕಾಫಿ ಆಮೇಲೆ ಇನ್ನೊಂದು ತರ್ತಾರೆ" ಅಂದರು. ಹಾಸಿಗೆ ಮನೇಲಿ ಇಲ್ವಾ ಅಂದವರೇ ಅವರು!

ಇನ್ನು ಹೊರಡುವವರಿಗೆ ಒಂದೆರಡು ಸಣ್ಣ ಮಾತು. ಕಡೂರು, ಬೀರೂರು, ತರೀಕೆರೆ ಮೂರಕ್ಕೂ ರೈಲಿದೆ. 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಹೋಗುತ್ತದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಗುರುತಿನ ಚೀಟಿ ಮರೆಯಬೇಡಿ. ಖಾಸಗಿ ಬಸ್ಸಿಗೆ ಅದು ನಡೆಯದು. ಗಾಢ ಬಣ್ಣದ, ಮಿರಿಮಿರಿ ಸೀರೆ ಕಾಡಿಗೆ ಬೇಡ, ಹತ್ತಿಯದ್ದು, ಮಾಸಲು ಹಸಿರೋ ಕಂದೋ ಇರಲಿ. ಮಲ್ಲಿಗೆ ಮುಡಿದು, ಸುಗಂಧ ಹಚ್ಚಿ ಸಫಾರಿಗೆ ಹೋಗುವುದೂ ಬೇಡ. ಮಳೆಗಾಲವಾದರೆ ಇಂಬಳದ ಕಾಟ, ಒಂದು ಪೊಟ್ಟಣದಲ್ಲಿ ಉಪ್ಪು, ಸುಣ್ಣದ ಡಬ್ಬಿ ಇಟ್ಟುಕೊಳ್ಳಿ; ಹಿಡಿದದ್ದನ್ನು ಕಿತ್ತೆಳೆಯದೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಮಾತ್ರೆ ತೆಗೆದುಕೊಳ್ಳುವವರು ಎರಡು ದಿನಕ್ಕೆ ಬದಲು ನಾಲ್ಕು ದಿನದ್ದು ಒಯ್ಯಿರಿ, ಅಲ್ಲಿ ಔಷಧದ ಅಂಗಡಿ ದೂರ. ತಿಂಡಿಯ ಡಬ್ಬ ಮಾತ್ರ ಒಯ್ಯಬೇಡಿ. ಚಕ್ಕುಲಿ ಕೋಡುಬಳೆ ಅಂತ ಹಿಂದಿನ ದಿನವೆಲ್ಲ ಒಲೆ ಮುಂದೆ ಕಳೆದರೆ ಹೋದ ದಿನ ಮೈಕೈ ನೋವಿನಲ್ಲೇ ಮುಗಿಯುತ್ತದೆ.

ಹಿಂತಿರುಗುವ ದಾರಿಯಲ್ಲಿ ಒಂದು ಗಂಟೆ ಬಿಡುವಿದ್ದರೆ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿಬನ್ನಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನ. ಕಡೂರಿನ ಕಡೆಗೆ ಹೋಗುವವರಾದರೆ ಎಮ್ಮೆದೊಡ್ಡಿ ಹತ್ತಿರದ ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ ಎರಡೂ ನೋಡುವಂಥವೇ. ನಾವು ಅಮೃತಾಪುರಕ್ಕೆ ಹೋದೆವು. ನುಣುಪಾದ ಕಂಬಗಳ ನಡುವಿನ ತಂಪು ಜಗುಲಿಯಲ್ಲಿ ಅತ್ತಿಗೆ ಮತ್ತೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು, "ಚೀಟಿ ಮುಂದಿನ ಸರದಿ ಯಾವಾಗ ಬರತ್ತೆ? ನನ್ನ ಹೆಸರೂ ಒಂದು ಸೇರಿಸು."